ಪ್ರತಿಕಾಯದ ಕೈಹಿಡಿದು ಒಳಬಂದ ವೈರಸ್

1970ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೀವವಿಜ್ಞಾನ ಮತ್ತು ವೈದ್ಯಕೀಯ ಪತ್ರಿಕೆಯಲ್ಲಿ ಬ್ಯಾಂಕಾಕಿನ ಮಕ್ಕಳ ಬಗ್ಗೆ ಒಂದು ಪ್ರಬಂಧಮಾಲೆ ಬಂತು. ಅದರ ಹಿಂದಿದ್ದ ಮುಖ್ಯ ಹೆಸರು ಸ್ಕಾಟ್ ಹಾಲ್‌ಸ್ಟೆಡ್. 1960ರ ದಶಕದ ಮೊದಲ ವರ್ಷಗಳಲ್ಲಿ ಬ್ಯಾಂಕಾಕಿನ ಸೀಟೋ ವೈದ್ಯಕೀಯ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಅವರು, ರಕ್ತಸ್ರಾವದ ಡೆಂಗಿಯಿಂದ ಆಸ್ಪತ್ರೆ ಸೇರಿದ ಮಕ್ಕಳ ವಯಸ್ಸು, ರಕ್ತಪರೀಕ್ಷೆ, ಹಿಂದೆ ಸೋಂಕು ತಗುಲಿದ್ದರ ಕುರುಹು ಎಲ್ಲವನ್ನೂ ಒಟ್ಟುಹಾಕಿದ್ದರು. ಆ ಲೆಕ್ಕವನ್ನು ವಯಸ್ಸಿನ ಪ್ರಕಾರ ಜೋಡಿಸಿದರೆ ಗೆರೆ ಎರಡು ಕಡೆ ಮೇಲೇಳುತ್ತದೆ. ಒಂದು ಏರು ವರ್ಷ ದಾಟಿ ಓಡಾಡುವ ಮಕ್ಕಳದ್ದು. ಇನ್ನೊಂದು ಏಳೆಂಟು ತಿಂಗಳ ಕೂಸುಗಳದ್ದು. ಒಂದು ವರ್ಷದ ಆಸುಪಾಸಿನಲ್ಲಿ, ಎರಡರ ನಡುವೆ, ತಗ್ಗು.

ದೊಡ್ಡ ಮಕ್ಕಳ ಏರಿಗೆ ಕಾರಣ ಹೇಳುವುದು ಸುಲಭವಾಗಿತ್ತು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆಯ ಸೋಂಕು ಬಂದು ಹೋದವರಿಗೆ ಬೇರೆ ಬಗೆಯದು ತಗುಲಿದಾಗ ಕಾಯಿಲೆ ಉಲ್ಬಣಿಸುತ್ತದೆ ಎಂಬುದು ರಕ್ತಪರೀಕ್ಷೆಗಳಲ್ಲೇ ಎದ್ದು ಕಾಣುತ್ತಿತ್ತು. ಆದರೆ ಕೂಸುಗಳಿಗೆ ತಗುಲಿದ್ದು ಅವುಗಳ ಬಾಳಿನ ಮೊದಲ ಸೋಂಕು. ಎರಡನೆಯ ಸಲದ ಕಾಯಿಲೆ ಮೊದಲ ಸಲವೇ ಬಂದದ್ದು ಹೇಗೆ? ಈ ಎರಡು ಗುಂಪುಗಳಲ್ಲಿ ಸಮಾನವಾಗಿದ್ದದ್ದು ಒಂದೇ: ಸೋಂಕು ತಗುಲುವ ಹೊತ್ತಿಗೆ ರಕ್ತದಲ್ಲಿ ಡೆಂಗಿಯ ಪ್ರತಿಕಾಯ ಇತ್ತು. ದೊಡ್ಡ ಮಕ್ಕಳದ್ದು ಸ್ವಂತದ್ದು. ಕೂಸುಗಳದ್ದು ಬಸಿರಿನಲ್ಲಿದ್ದಾಗ ತಾಯಿಯಿಂದ ಬಂದದ್ದು. ಹುಟ್ಟಿದ ಹೊಸದರಲ್ಲಿ ಅದು ಸಮೃದ್ಧವಾಗಿದ್ದು ಕೂಸನ್ನು ಕಾಯುತ್ತದೆ. ವರ್ಷ ತುಂಬುವಷ್ಟರಲ್ಲಿ ಕರಗಿಹೋಗುತ್ತದೆ. ನಡುವಿನ ತಿಂಗಳುಗಳಲ್ಲಿ ಕಾಯುವಷ್ಟಿಲ್ಲ, ಇಲ್ಲವೆನ್ನುವ ಹಾಗೂ ಇಲ್ಲ. ಕೂಸುಗಳು ಆಸ್ಪತ್ರೆ ಸೇರುತ್ತಿದ್ದದ್ದು ಆ ತಿಂಗಳುಗಳಲ್ಲೇ.

ಶ್ರೀಸಕುಲ್ ಕ್ಲಿಕ್ಸ್ ಮತ್ತು ಸಂಗಡಿಗರು 1988ರಲ್ಲಿ ಇದನ್ನು ತಾಯಂದಿರ ರಕ್ತದಿಂದಲೇ ತಾಳೆ ನೋಡಿದರು. ತಾಯಿಯ ಪ್ರತಿಕಾಯ ಎಷ್ಟು ಬಲವಾಗಿತ್ತೋ ಅದಕ್ಕೆ ತಕ್ಕಂತೆ ಕೂಸು ಕಾಯಿಲೆ ಬೀಳುವ ತಿಂಗಳು ಮುಂದೆ ಹೋಗಿತ್ತು.

ಈ ಕಥೆಯ ಇಷ್ಟು ಭಾಗ ಪಠ್ಯಪುಸ್ತಕಗಳಲ್ಲಿದೆ. ಪ್ರತಿಕಾಯ ವೈರಸ್ಸನ್ನು ಕೊಲ್ಲದೆ ಬರೀ ಅಂಟಿಕೊಂಡು, ಅದನ್ನು ಬಿಳಿ ರಕ್ತಕಣಗಳ ಒಳಗೆ ಸಾಗಿಸುತ್ತದೆ. ಹೆಚ್ಚು ಕಣಗಳಿಗೆ ಸೋಂಕು, ಹೆಚ್ಚು ವೈರಸ್, ಹೆಚ್ಚು ಕಾಯಿಲೆ ಎಂದು ವಿವರಣೆ ಮುಗಿಯುತ್ತದೆ. ನನಗೆ ಅದು ಸಾಲದೆನ್ನಿಸಿತ್ತು. ಒಳಗೆ ಬಂದ ವೈರಸ್ಸನ್ನು ಕಣ ಸುಮ್ಮನೆ ಬಿಡುವುದಿಲ್ಲವಲ್ಲ? ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನನ್ನು ಹೊರಬಿಡುತ್ತದಲ್ಲ? ಪ್ರತಿಕಾಯದ ಜೊತೆ ಬಂದಾಗ ಆ ಎಚ್ಚರಿಕೆ ಏನಾಗುತ್ತದೆ? ಈ ಒಂದು ಪ್ರಶ್ನೆಯ ಜಾಡು ಹಿಡಿದು ಹಳೆಯ ಹೊಸ ಪ್ರಬಂಧಗಳ ನಡುವೆ ಓಡಾಡಿದೆ. ಸಿಕ್ಕ ದಾಖಲೆಗಳು ಒಂದನ್ನೊಂದು ಅಲ್ಲಗಳೆಯುತ್ತಿದ್ದವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇಂಟರ್‌ಫೆರಾನ್. 1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನ ಜೀನ್ ಲಿಂಡೆನ್‌ಮನ್ ಕೋಳಿಮೊಟ್ಟೆಯ ಪೊರೆಯ ಚೂರುಗಳಿಗೆ, ಬಿಸಿ ಮಾಡಿ ನಿಷ್ಕ್ರಿಯಗೊಳಿಸಿದ ಇನ್‌ಫ್ಲುಯೆಂಜಾ ವೈರಸ್ ಹಾಕಿದರು. ಆ ಚೂರುಗಳು ನೆನೆದಿದ್ದ ದ್ರವವನ್ನು ಬೇರೆ ಚೂರುಗಳಿಗೆ ಸವರಿದರೆ, ಅವುಗಳಲ್ಲಿ ಜೀವಂತ ವೈರಸ್ ಕೂಡ ಬೆಳೆಯಲಿಲ್ಲ. ವೈರಸ್ಸಿಗೆ ಅಡ್ಡಬರುವ ಆ ವಸ್ತುವಿಗೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು. ಅದೇ 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಹೊಸ ವೈರಸ್ಸೊಂದು ಪತ್ತೆಯಾಯಿತು. ಅದು ಡೆಂಗಿ ವೈರಸ್ಸಿನ ಬಳಗದ್ದೇ. ಎರಡು ಸುದ್ದಿಗಳು ಒಂದಕ್ಕೊಂದು ಸಂಬಂಧವಿಲ್ಲದೆ ಹುಟ್ಟಿದವು. ಆದರೆ ಆ ಬಳಗದ ವೈರಸ್ಸುಗಳು ಮನುಷ್ಯನ ಇಂಟರ್‌ಫೆರಾನನ್ನು ಹೇಗೆ ಅಡಗಿಸುತ್ತವೆ ಎಂಬ ಅಧ್ಯಯನದಲ್ಲಿ ಮುಂದೆ ಎರಡೂ ಒಂದೆಡೆ ಸೇರಿದವು.

ಜೀವಕೋಶದ ಒಳಗೆ ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸಲೆಂದೇ ಇರುವ ಪ್ರೋಟೀನುಗಳಿವೆ: ಕೋಶದ್ರವದಲ್ಲಿ ರಿಗ್-ಐ ಮತ್ತು ಎಂಡಿಎ5, ಒಳಕ್ಕೆ ನುಂಗಿದ ಚೀಲಗಳ ಗೋಡೆಯಲ್ಲಿ ಟೋಲ್ ಗ್ರಾಹಕಗಳು. ಇವು ಕೆರಳಿದರೆ ಕೋಶ ಇಂಟರ್‌ಫೆರಾನ್ ತಯಾರಿಸಿ ಹೊರಕ್ಕೆ ಬಿಡುತ್ತದೆ. ಅದು ಅಕ್ಕಪಕ್ಕದ ಕೋಶಗಳ ಮೇಲಿನ ಗ್ರಾಹಕಕ್ಕೆ ತಾಗಿ, ಸ್ಟ್ಯಾಟ್-1 ಮುಂತಾದ ಪ್ರೋಟೀನುಗಳ ಮೂಲಕ ನೂರಾರು ವಂಶವಾಹಿಗಳನ್ನು ಎಬ್ಬಿಸುತ್ತದೆ. ಹಾಗೆ ಎಚ್ಚೆತ್ತ ಕೋಶದಲ್ಲಿ ವೈರಸ್ಸಿಗೆ ನೆಲೆ ಸಿಗುವುದು ಕಷ್ಟ.

ಈಗ ಪ್ರತಿಕಾಯದ ಕಡತ. ಹಾಲ್‌ಸ್ಟೆಡ್ ಅವರಿಗಿಂತ ಮುಂಚೆ, 1964ರಲ್ಲಿ, ಆಸ್ಟ್ರೇಲಿಯಾದ ರಾಯ್ಲ್ ಹಾಕ್ಸ್ ಒಂದು ವಿಚಿತ್ರವನ್ನು ದಾಖಲಿಸಿದ್ದರು. ಮರ್ರೆ ಕಣಿವೆಯ ಮಿದುಳುಜ್ವರ ಸೇರಿದಂತೆ ಸೊಳ್ಳೆಯಿಂದ ಹರಡುವ ಕೆಲವು ವೈರಸ್ಸುಗಳಿಗೆ ಕೋಳಿಗಳಲ್ಲಿ ಪ್ರತಿಕಾಯ ಬರಿಸಿ, ಆ ಸೀರಮ್ಮನ್ನು ವೈರಸ್ಸಿನ ಜೊತೆ ಬೆರೆಸಿ, ಕೋಳಿಮರಿಯ ಕೋಶಗಳ ಮೇಲೆ ಹಾಕಿದ್ದರು. ಗಟ್ಟಿ ಸೀರಮ್ ವೈರಸ್ಸನ್ನು ತಡೆಯಿತು. ನೀರಾಗಿಸುತ್ತ ಹೋದಂತೆ ತಡೆ ಕಡಿಮೆಯಾಗಬೇಕಾದದ್ದು ಸರಿ, ಆಯಿತು. ಆದರೆ ಅಲ್ಲಿಗೇ ನಿಲ್ಲದೆ, ಇನ್ನೂ ತೆಳುವಾದ ಸೀರಮ್ಮಿನಲ್ಲಿ ಸೋಂಕಿನ ಕಲೆಗಳು ಸೀರಮ್ಮೇ ಇಲ್ಲದ ತಟ್ಟೆಗಿಂತ ಹೆಚ್ಚಾದವು. 1967ರಲ್ಲಿ ಲಾಫರ್ಟಿ ಅವರೊಡನೆ ಸೇರಿ, ಇದು ಸೀರಮ್ಮಿನ ಬೇರೇನೋ ಅಂಶದ ಕೆಲಸವಲ್ಲ, ಪ್ರತಿಕಾಯದ್ದೇ ಎಂದು ತೋರಿಸಿದರು. ಪಶುವೈರಸ್‌ಗಳ ಪ್ರಯೋಗಾಲಯದ ಈ ಮಾತು ಬ್ಯಾಂಕಾಕಿನ ಮಕ್ಕಳ ವಾರ್ಡಿಗೆ ತಲುಪಲು ಹಲವು ವರ್ಷ ಬೇಕಾಯಿತು.

ಎರಡನ್ನೂ ಬೆಸೆದದ್ದು 1977. ಆಗ ಹವಾಯಿ ವಿಶ್ವವಿದ್ಯಾಲಯದಲ್ಲಿದ್ದ ಹಾಲ್‌ಸ್ಟೆಡ್ ಮತ್ತು ಓ'ರೂರ್ಕ್, ಹಿಂದೆ ಡೆಂಗಿ ಬಾರದವರ ಬಿಳಿ ರಕ್ತಕಣಗಳಿಗೆ ಡೆಂಗಿ ವೈರಸ್ ಹಾಕಿದರೆ ಅಷ್ಟಾಗಿ ಬೆಳೆಯುವುದಿಲ್ಲ, ಜೊತೆಗೆ ತೆಳುವಾದ ಪ್ರತಿಕಾಯ ಸೇರಿಸಿದರೆ ಹುಲುಸಾಗಿ ಬೆಳೆಯುತ್ತದೆ ಎಂದು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಬಾಗಿಲು ಯಾವುದೆಂದು ತೋರಿಸಿದವರು ಶ್ರೀಲಂಕಾದ ಮಲಿಕ್ ಪೀರಿಸ್. ಪ್ರತಿಕಾಯದ ಬಾಲದ ತುದಿಯನ್ನು ಹಿಡಿಯುವ ಎಫ್‌ಸಿ ಗ್ರಾಹಕಗಳು ಮ್ಯಾಕ್ರೋಫೇಜುಗಳೆಂಬ ನುಂಗುವ ಬಿಳಿಕಣಗಳ ಮೈಮೇಲಿರುತ್ತವೆ. ಆ ಗ್ರಾಹಕವನ್ನು ಮುಚ್ಚಿಬಿಟ್ಟರೆ ವೃದ್ಧಿಯೂ ನಿಲ್ಲುತ್ತದೆ ಎಂದು ಅವರು ಮತ್ತು ಜೇಮ್ಸ್ ಪೋರ್ಟರ್‌ಫೀಲ್ಡ್ ಮತ್ತಿತರರು 1981ರಲ್ಲಿ ಬರೆದರು. ಇದೇ ಪೀರಿಸ್ 2003ರಲ್ಲಿ ಹಾಂಕಾಂಗಿನಲ್ಲಿ ಸಾರ್ಸ್ ಕಾಯಿಲೆಯ ಕೊರೋನಾ ವೈರಸ್ಸನ್ನು ಪತ್ತೆ ಮಾಡಿದ ತಂಡವನ್ನು ಮುನ್ನಡೆಸಿದವರು.

ಇಲ್ಲಿಗೆ ಎಲ್ಲವೂ ಬಾಗಿಲಿನ ಲೆಕ್ಕ. ಇಂಟರ್‌ಫೆರಾನಿನ ಹೆಸರು ಈ ಸಾಲಿನಲ್ಲಿ ದೊಡ್ಡದಾಗಿ ಕೇಳಿಬಂದದ್ದು 2000ದಲ್ಲಿ, ಅದೂ ಡೆಂಗಿಯಿಂದಲ್ಲ. ಆಸ್ಟ್ರೇಲಿಯಾದ ಕೀಲುಬೇನೆಯ ವೈರಸ್ಸು ರಾಸ್ ರಿವರ್ ಮೇಲೆ ಬ್ರೆಟ್ ಲಿಡ್‌ಬರಿ ಮತ್ತು ಸುರೇಶ್ ಮಹಾಲಿಂಗಂ ಮಾಡಿದ ಕೆಲಸ ಅದು. ನಮ್ಮ ಚಿಕೂನ್‌ಗುನ್ಯಾ ವೈರಸ್ಸಿನ ಹತ್ತಿರದ ಬಂಧು ಇದು. ಇಲಿಯ ಮ್ಯಾಕ್ರೋಫೇಜ್ ಕೋಶಗಳನ್ನು ಅವರು ಬ್ಯಾಕ್ಟೀರಿಯಾದ ಗೋಡೆಯ ಅಂಶದಿಂದ ಕೆರಳಿಸಿದರು. ಹಾಗೆ ಕೆರಳಿದ ಕೋಶ ವೈರಸ್ಸಿನ ವಿರುದ್ಧ ಪೂರ್ಣ ಸಿದ್ಧವಾಗಿರುತ್ತದೆ. ವೈರಸ್ಸು ತನ್ನದೇ ದಾರಿಯಲ್ಲಿ ಬಂದಾಗ ಆ ಸಿದ್ಧತೆ ಕೆಲಸ ಮಾಡಿತು. ಪ್ರತಿಕಾಯದ ದಾರಿಯಲ್ಲಿ ಬಂದಾಗ ಕೋಶದ ಹೋರಾಟದ ವಂಶವಾಹಿಗಳು ಮಾತ್ರ ಆರಿಹೋದವು. ಉಳಿದ ವಂಶವಾಹಿಗಳು ಮಾಮೂಲಿನಂತೆ ನಡೆದಿದ್ದವು, ಪ್ರೋಟೀನು ತಯಾರಿಕೆಗೂ ಹೆಚ್ಚೇನೂ ಧಕ್ಕೆಯಾಗಿರಲಿಲ್ಲ. ಎರಡು ವರ್ಷದ ನಂತರ ಅವರೇ, ಸ್ಟ್ಯಾಟ್-1 ಮತ್ತು ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಸಂಕೀರ್ಣಗಳೂ ಕುಗ್ಗಿದ್ದನ್ನು ತೋರಿಸಿದರು. ಗುರುತಿನವರ ಜೊತೆ ಬಂದ ಅಪರಿಚಿತನನ್ನು ಮನೆಯವರು ಯಾರೆಂದು ಕೇಳದೆ ಕೂರಿಸುತ್ತಾರಲ್ಲ, ಕೋಶ ನಡೆದುಕೊಂಡದ್ದು ಹಾಗೆ.

ಇದನ್ನು ಓದಿದ ಮೇಲೆ ನನ್ನ ಪ್ರಶ್ನೆಗೆ ಒಂದು ಆಕಾರ ಬಂತು. ಬಾಗಿಲುಗಳ ಲೆಕ್ಕದ ಪ್ರಕಾರ ಪ್ರತಿಕಾಯ ಮಾಡುವುದು ಸೋಂಕಾದ ಕೋಶಗಳ ಸಂಖ್ಯೆಯನ್ನು ಹೆಚ್ಚಿಸುವುದು. ಇಲ್ಲಿ ಕಂಡದ್ದು ಬೇರೆ: ಒಂದೊಂದು ಕೋಶವೂ ಕೊಡುವ ವೈರಸ್ಸಿನ ಫಸಲೇ ಹೆಚ್ಚುತ್ತದೆ. ರೋಗಿಯ ರಕ್ತದಲ್ಲಿ ಎರಡೂ ಒಂದನ್ನೊಂದು ಗುಣಿಸುತ್ತವೆ.

ಡೆಂಗಿಯಲ್ಲಿ ಇದನ್ನು ಹುಡುಕಿದವರು ಬ್ಯಾಂಕಾಕಿನ ಮಹಿದೋಲ್ ವಿಶ್ವವಿದ್ಯಾಲಯದ ಸುಖಾತಿದಾ ಉಬೋಲ್ ಅವರ ತಂಡ. 2007ರಲ್ಲಿ ಅವರ ಗುಂಪು ಟಿಎಚ್‌ಪಿ-1 ಎಂಬ ಮಾನವ ಕೋಶಗಳಲ್ಲಿ, ಪ್ರತಿಕಾಯದ ಜೊತೆ ಬಂದ ಡೆಂಗಿ ವೈರಸ್ಸು ಉರಿಯೂತ ತಗ್ಗಿಸುವ ಸಂದೇಶಗಳನ್ನು ಹೆಚ್ಚಿಸಿ, ವೈರಸ್ಸಿನ ಎದುರಿನ ಅಸ್ತ್ರಗಳನ್ನು ತಗ್ಗಿಸುತ್ತದೆ ಎಂದು ವರದಿ ಮಾಡಿತು. 2010ರಲ್ಲಿ ಇನ್ನೂ ಒಳಕ್ಕೆ ಹೋದರು: ರಿಗ್-ಐ ಮತ್ತು ಎಂಡಿಎ5ಗಳ ಸಂದೇಶವನ್ನು ಕತ್ತರಿಸುವ, ಕೋಶದ್ದೇ ಆದ ನಿಯಂತ್ರಕಗಳು ಎಚ್ಚೆತ್ತಿದ್ದವು. ಅದೇ ವರ್ಷ 'ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್' ಪತ್ರಿಕೆಯಲ್ಲಿ ಬಂದ ಒಂದು ವಿಮರ್ಶಾ ಪ್ರಬಂಧದ ಲೇಖಕರ ಸಾಲನ್ನು ನೋಡಿ ನನಗೆ ಖುಷಿಯಾಯಿತು. ಹಾಲ್‌ಸ್ಟೆಡ್, ಮಹಾಲಿಂಗಂ, ಉಬೋಲ್ ಒಟ್ಟಿಗಿದ್ದರು. ಜೊತೆಗೆ ಲೀಶ್ಮೇನಿಯಾ ಪರಾವಲಂಬಿಯ ಅಧ್ಯಯನಕಾರ ಡೇವಿಡ್ ಮಾಸರ್. ಲೀಶ್ಮೇನಿಯಾ ಬಿಹಾರದ ಕಾಲಾ ಅಜಾರಿನ ಕುಲದ ಜೀವಿ, ವೈರಸ್ಸೇ ಅಲ್ಲ. ಅದೂ ಪ್ರತಿಕಾಯ ಹೊದ್ದು ಮ್ಯಾಕ್ರೋಫೇಜಿನೊಳಗೆ ಹೋದಾಗ ಐಎಲ್-10 ಎಂಬ ಶಾಂತಿಯ ಸಂದೇಶ ಹೆಚ್ಚುತ್ತದೆ, ಪರಾವಲಂಬಿ ಬದುಕುತ್ತದೆ. ಬೇರೆ ಬೇರೆ ಜೀವಿಗಳಲ್ಲಿ ಒಂದೇ ನಡೆ ಕಾಣುವುದರಿಂದ, ಇದು ಯಾವುದೋ ಒಂದು ವೈರಸ್ಸಿನ ಚಾಣಾಕ್ಷತನವಾಗಿರದೆ ಗ್ರಾಹಕದ ಸ್ವಭಾವವೇ ಆಗಿರಬಹುದು ಎಂಬುದು ಅವರ ವಾದ.

ಇಷ್ಟಕ್ಕೇ ನಿಲ್ಲಿಸಿದ್ದರೆ ಕಥೆ ಅಚ್ಚುಕಟ್ಟಾಗಿರುತ್ತಿತ್ತು. ಆದರೆ 2011ರ 'ವೈರಾಲಜಿ' ಪತ್ರಿಕೆಯಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನ ತಂಡದ ಪ್ರಬಂಧವೊಂದಿದೆ. ಅದರ ಶೀರ್ಷಿಕೆಯೇ ತೀರ್ಪು: ಮಾನವ ಪ್ರತಿಕಾಯಗಳು ಡೆಂಗಿಯ ಸೋಂಕನ್ನು ಹೆಚ್ಚಿಸುತ್ತವೆ, ಆದರೆ ಮಾನವ ಮಾನೊಸೈಟುಗಳ ಇಂಟರ್‌ಫೆರಾನ್ ಸ್ರವಿಕೆಯನ್ನು ಅಡಗಿಸುವುದಿಲ್ಲ. ಮಾನೊಸೈಟೆಂದರೆ ಮುಂದೆ ಮ್ಯಾಕ್ರೋಫೇಜಾಗಬಲ್ಲ ಬಿಳಿ ರಕ್ತಕಣ. ಬ್ಯಾಂಕಾಕು ಹೌದೆಂದಿತು, ರಾಚೆಸ್ಟರು ಅಲ್ಲವೆಂದಿತು. ನಡುವಿನ ಅಂತರ ನಾಲ್ಕೇ ವರ್ಷ.

ಅಲ್ಲಗಳೆಯುವ ದಾಖಲೆ ಅದೊಂದೇ ಅಲ್ಲ. ಇಚಿರೋ ಕುರಾನೆ ಮತ್ತು ಫ್ರಾನ್ಸಿಸ್ ಎನ್ನಿಸ್ ಮತ್ತಿತರರು 1993ರಲ್ಲಿ ಥಾಯ್ ಮಕ್ಕಳ ರಕ್ತ ಪರೀಕ್ಷಿಸಿದ್ದರು. ಡೆಂಗಿಯಾದ ಮಕ್ಕಳ ಸೀರಮ್ಮಿನಲ್ಲಿ ಇಂಟರ್‌ಫೆರಾನ್-ಆಲ್ಫಾ ಧಾರಾಳವಾಗಿತ್ತು, ರಕ್ತಸ್ರಾವದ ಡೆಂಗಿಯಾದವರಲ್ಲೂ. ಎಚ್ಚರಿಕೆ ಆರಿಹೋಗಿದ್ದರೆ ರಕ್ತದಲ್ಲಿ ಇಷ್ಟು ಇಂಟರ್‌ಫೆರಾನ್ ಎಲ್ಲಿಂದ ಬಂತು?

ಇಂಥ ಕಡೆ ಪ್ರಬಂಧದ ಸಾರಾಂಶ ಬಿಟ್ಟು, ಸಾಮಾನ್ಯವಾಗಿ ಯಾರೂ ಓದದ ವಿಧಾನದ ಪುಟಗಳಿಗೆ ಹೋಗಬೇಕು. ಯಾವ ಕೋಶ, ಎಲ್ಲಿಂದ ತಂದದ್ದು, ಯಾವ ಗಂಟೆಯಲ್ಲಿ ಅಳೆದದ್ದು ಎಂಬುದೆಲ್ಲ ಅಲ್ಲಿರುತ್ತದೆ. ಬ್ಯಾಂಕಾಕಿನ ಟಿಎಚ್‌ಪಿ-1 ಎಂದರೆ 1980ರಲ್ಲಿ ಜಪಾನಿನ ವಿಜ್ಞಾನಿಗಳು ವರದಿ ಮಾಡಿದ ಸೆಲ್ ಲೈನು. ರಕ್ತದ ಕ್ಯಾನ್ಸರಾಗಿದ್ದ ಒಂದು ವರ್ಷದ ಗಂಡುಮಗುವಿನ ಮಾನೊಸೈಟುಗಳಿಂದ ಹುಟ್ಟಿ, ಅಂದಿನಿಂದ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಒಡೆದು ಒಡೆದು ಬೆಳೆಯುತ್ತಿರುವ ಕೋಶಗಳು. ಕ್ಯಾನ್ಸರ್ ಕೋಶ ನಿರಂತರ ಬೆಳೆಯುತ್ತದೆ, ಎಲ್ಲ ತಟ್ಟೆಯಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ, ಪ್ರಯೋಗಕ್ಕೆ ಅನುಕೂಲ. ರಾಚೆಸ್ಟರಿನದು ಆರೋಗ್ಯವಂತ ದಾನಿಗಳ ರಕ್ತದಿಂದ ಹೊಸದಾಗಿ ಬೇರ್ಪಡಿಸಿದ ಮಾನೊಸೈಟು. ಒಬ್ಬೊಬ್ಬರದು ಒಂದೊಂದು ಬಗೆ, ಆದರೆ ಮೈಯೊಳಗಿನ ನಿಜಕ್ಕೆ ಹತ್ತಿರ. ಕ್ಯಾನ್ಸರ್ ಕೋಶದಲ್ಲಿ ಕಂಡದ್ದನ್ನು ರೋಗಿಯ ಮೇಲೆ ಹೊರಿಸುವ ಮುನ್ನ ತಾಜಾ ಕೋಶದ ಒಪ್ಪಿಗೆ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ಬ್ಯಾಂಕಾಕಿನ ಫಲಿತಾಂಶವನ್ನು ತಳ್ಳಿಹಾಕುವುದೂ ಸರಿಯಲ್ಲ. ಒಂದೇ ಲೈನಿನ ಕೋಶಗಳಲ್ಲಿ ಅದು ನಿಜವಾಗಿಯೂ ನಡೆದಿದೆಯಾದರೆ, ಅದನ್ನು ನಡೆಸಿದ ಯಂತ್ರಾಂಗ ಎಲ್ಲೋ ಇದೆ.

ಆ ಯಂತ್ರಾಂಗದ ಒಂದು ಭಾಗ ಸಿಕ್ಕದ್ದು ಸಿಂಗಪುರದಲ್ಲಿ. ಡ್ಯೂಕ್-ಎನ್‌ಯುಎಸ್ ವೈದ್ಯಕೀಯ ಶಾಲೆಯಲ್ಲಿ ಊಯಿ ಎಂಗ್ ಎಯೊಂಗ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಕೆಲಸವನ್ನು ಈ ಇಡೀ ಹುಡುಕಾಟದಲ್ಲಿ ನಾನು ಹೆಚ್ಚು ಹೊತ್ತು ಓದಿದೆ. ಅವರು ಕೈಗೆತ್ತಿಕೊಂಡದ್ದು ಅದೇ ಟಿಎಚ್‌ಪಿ-1. ಆದರೆ ಅದನ್ನು ಒಂದೇ ಗುಂಪೆಂದು ಬಗೆಯದೆ, ಒಂದೊಂದೇ ಕೋಶದಿಂದ ಬೆಳೆಸಿದ ಉಪಸಾಲುಗಳನ್ನು ಮಾಡಿದರು. ಅವುಗಳಲ್ಲಿ ಒಂದಕ್ಕೆ ಪ್ರತಿಕಾಯದ ಜೊತೆ ಡೆಂಗಿ ಹಾಕಿದರೆ ವೈರಸ್ಸು ಸೊಂಪಾಗಿ ಬೆಳೆಯಿತು. ಇನ್ನೊಂದರಲ್ಲಿ ಬೆಳೆಯಲಿಲ್ಲ. ಎರಡೂ ವೈರಸ್ಸನ್ನು ಒಳಕ್ಕೆ ತೆಗೆದುಕೊಂಡಿದ್ದವು. ಅಂದರೆ ಬಾಗಿಲು ಎರಡರಲ್ಲೂ ತೆರೆದಿತ್ತು, ವ್ಯತ್ಯಾಸ ಇದ್ದದ್ದು ಒಳಗೆ.

ಅವರು ಮುಂದಿಟ್ಟ ಪ್ರಶ್ನೆ, ಆಮೇಲೆ ಯೋಚಿಸಿದರೆ, ಮೊದಲೇ ಕೇಳಬೇಕಾಗಿತ್ತು ಅನ್ನಿಸುವಂಥದ್ದು. ಎಫ್‌ಸಿ ಗ್ರಾಹಕವೆಂದರೆ ಬರೀ ಬಾಗಿಲಲ್ಲ. ಪ್ರತಿಕಾಯ ಅಂಟಿದ ವಸ್ತು ತಗುಲಿ ಹಲವು ಗ್ರಾಹಕಗಳು ಒಂದೆಡೆ ಕೂಡಿದರೆ, ಅವು ಸಿಕ್ ಎಂಬ ಕಿಣ್ವವನ್ನು ಚುರುಕುಗೊಳಿಸುತ್ತವೆ. ಅಲ್ಲಿಂದ ಸ್ಟ್ಯಾಟ್-1, ಅಲ್ಲಿಂದ ವೈರಸ್ ವಿರೋಧಿ ವಂಶವಾಹಿಗಳು. ಇಂಟರ್‌ಫೆರಾನ್ ತಯಾರಾಗಿ ಹೊರಬಂದು ಮತ್ತೆ ತಾಗುವವರೆಗೂ ಕಾಯಬೇಕಿಲ್ಲ. ವೈರಸ್ಸು ಹೊಸ್ತಿಲು ದಾಟುವಾಗಲೇ ಕೋಶ ಎಚ್ಚರಗೊಳ್ಳುತ್ತದೆ. ಹಾಗಾದರೆ ಪ್ರತಿಕಾಯದ ದಾರಿ ವೈರಸ್ಸಿಗೆ ಅಪಾಯದ ದಾರಿ. ಅಲ್ಲಿಂದ ಬಂದೂ ಅದು ಹೇಗೆ ಬದುಕಿತು?

ಉತ್ತರ ಇನ್ನೊಂದು ಗ್ರಾಹಕದಲ್ಲಿತ್ತು: ಲಿಲ್ಆರ್‌ಬಿ1. ಇದರ ನಿತ್ಯದ ಕೆಲಸ ಬೇರೆ. ಮೈಯ ಹೆಚ್ಚುಕಡಿಮೆ ಎಲ್ಲ ಕೋಶಗಳೂ ತೊಟ್ಟಿರುವ ಎಚ್‌ಎಲ್‌ಎ ಗುರುತನ್ನು ಕಂಡಾಗ, ಇವರು ನಮ್ಮವರು, ಸುಮ್ಮನಿರು ಎಂದು ಬಿಳಿಕಣಕ್ಕೆ ಹೇಳುವುದು. ಪ್ರತಿಕಾಯ ಹೊದ್ದ ಡೆಂಗಿ ವೈರಸ್ಸು ಎಫ್‌ಸಿ ಗ್ರಾಹಕವನ್ನು ಹಿಡಿದುಕೊಂಡೇ ಈ ಗ್ರಾಹಕವನ್ನೂ ಜೊತೆಗೆಳೆಯುತ್ತದೆ. ಲಿಲ್ಆರ್‌ಬಿ1ರ ಒಳತುದಿಗೆ ಎಸ್‌ಎಚ್‌ಪಿ-1 ಎಂಬ ಕಿಣ್ವ ಬಂದು ಸೇರುತ್ತದೆ, ಅದು ಸಿಕ್ ಮೇಲಿನ ಫಾಸ್ಫೇಟನ್ನು ಕಿತ್ತು ಅದನ್ನು ತಣ್ಣಗಾಗಿಸುತ್ತದೆ. ಎಚ್ಚರಿಕೆ ಮೊಳೆಯುವ ಮೊದಲೇ ಅಡಗುತ್ತದೆ. ಅದೇ ಪ್ರತಿಕಾಯ, ಅದೇ ವೈರಸ್, ಅದೇ ಎಫ್‌ಸಿ ಗ್ರಾಹಕ. ಕೋಶದ ಮೈಮೇಲೆ ಪಕ್ಕದಲ್ಲಿ ಯಾವ ಗ್ರಾಹಕ ಇದೆ ಎಂಬುದರ ಮೇಲೆ ಫಲ ತಲೆಕೆಳಗಾಗುತ್ತದೆ.

ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆ. ಇದೇ ತಂಡ 2011ರಲ್ಲಿ, ಪ್ರತಿಕಾಯ ದಟ್ಟವಾಗಿದ್ದು ವೈರಸ್ಸುಗಳು ಗೊಂಚಲಾಗಿ ಬಂದಾಗ ಎಫ್‌ಸಿ ಬಳಗದ್ದೇ ತಡೆಯುವ ಸದಸ್ಯ, ಗಾಮಾ-2ಬಿ, ಕೂಡಿಕೊಂಡು ನುಂಗುವುದನ್ನೇ ನಿಲ್ಲಿಸುತ್ತದೆ ಎಂದು ತೋರಿಸಿತ್ತು. ತೆಳು ಪ್ರತಿಕಾಯ ಬಾಗಿಲು ತೆಗೆಯುವುದು, ದಟ್ಟ ಪ್ರತಿಕಾಯ ಮುಚ್ಚುವುದು ಎಂಬ 1964ರ ವಿಚಿತ್ರಕ್ಕೆ ಇಲ್ಲೊಂದು ಕಾರಣ ದೊರೆಯುತ್ತದೆ.

ಇನ್ನು ರಕ್ತದಲ್ಲಿ ತೇಲುತ್ತಿದ್ದ ಇಂಟರ್‌ಫೆರಾನಿನ ಒಗಟು. ಅದಕ್ಕೆ ಸುಳಿವು ಕುರಾನೆ ಮತ್ತು ಎನ್ನಿಸ್ ಅವರ 1987ರ ಪ್ರಬಂಧದಲ್ಲೇ ಇತ್ತು. ಡೆಂಗಿ ತಗುಲಿದ ಮಾನೊಸೈಟುಗಳನ್ನು ಅದೇ ದಾನಿಯ ಲಿಂಫೋಸೈಟುಗಳ ಜೊತೆ ಇಟ್ಟರೆ, ಇಂಟರ್‌ಫೆರಾನ್ ತಯಾರಿಸಿದ್ದು ಸೋಂಕಿಲ್ಲದ ಆ ಲಿಂಫೋಸೈಟುಗಳ ಗುಂಪು. ಅಂದರೆ ರಕ್ತದಲ್ಲಿ ಅಳೆದ ಇಂಟರ್‌ಫೆರಾನ್ ಸೋಂಕಾದ ಕೋಶದ್ದೇ ಆಗಿರಬೇಕಿಲ್ಲ. ಸೋಂಕಾದದ್ದು ಬಾಯಿ ಮುಚ್ಚಿಕೊಂಡಿದ್ದರೂ ಸುತ್ತಲಿನವು ಕೂಗಬಹುದು. ಬ್ಯಾಂಕಾಕಿನ ತಟ್ಟೆ ಮತ್ತು ಥಾಯ್ ಮಕ್ಕಳ ಸೀರಮ್ ಎರಡೂ ನಿಜವಾಗಿರಲು ಇಷ್ಟು ಸಾಕು. ಈ ಎರಡು ಪ್ರಬಂಧಗಳನ್ನು ಅಕ್ಕಪಕ್ಕ ಇಟ್ಟು ಓದುವವರು ಕಡಿಮೆ.

ಆ ಗುಂಪಿನೊಳಗೆ ಹಾಗೆ ಕೂಗುವ ಕೋಶಗಳು ಯಾವುವೆಂದು ಹುಡುಕಿದರೆ ಪ್ಲಾಸ್ಮಸೈಟಾಯ್ಡ್ ಡೆಂಡ್ರಿಟಿಕ್ ಕೋಶಗಳ ಹೆಸರು ಬರುತ್ತದೆ. ರಕ್ತದಲ್ಲಿ ಬೆರಳೆಣಿಕೆಯಷ್ಟು, ಆದರೆ ಇಂಟರ್‌ಫೆರಾನ್-ಆಲ್ಫಾ ತಯಾರಿಕೆಯಲ್ಲಿ ಇವಕ್ಕೆ ಸಾಟಿಯಿಲ್ಲ. ಇವುಗಳಲ್ಲಿ ಪ್ರತಿಕಾಯದ ಪಾತ್ರ ಪೂರ್ತಿ ಉಲ್ಟಾ. ಎನ್ನಿಸ್ ಇದ್ದ ಊರಾದ ವೂಸ್ಟರಿನಲ್ಲೇ, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ತಂಡವೊಂದು 2007ರಲ್ಲಿ ಈ ಕೋಶಗಳಿಗೆ ಕಾಕ್ಸಾಕಿ ವೈರಸ್ ಹಾಕಿತು. ಬರೀ ವೈರಸ್ಸಿಗೆ ಅವು ಮಿಸುಕಲಿಲ್ಲ. ಆ ವೈರಸ್ಸಿನದೇ ಪ್ರತಿಕಾಯ ಸೇರಿಸಿದಾಗ ಮಾತ್ರ ಎಫ್‌ಸಿ ಗ್ರಾಹಕ ಅದನ್ನು ಒಳಕ್ಕೆಳೆದು, ಟೋಲ್-7 ಗ್ರಾಹಕವಿರುವ ಚೀಲಕ್ಕೆ ತಲುಪಿಸಿತು, ಇಂಟರ್‌ಫೆರಾನ್ ಹೊರಬಂತು. ಮಾನೊಸೈಟಿನಲ್ಲಿ ಯಾವ ದಾರಿ ವೈರಸ್ಸಿಗೆ ಆಶ್ರಯವಾಯಿತೋ ಇಲ್ಲಿ ಅದೇ ದಾರಿ ಅದನ್ನು ಪೊಲೀಸ್ ಠಾಣೆಗೆ ಒಯ್ದಿತು. ಲೂಪಸ್ ರೋಗಿಗಳ ಪಾಡಿಗೂ ಇದೇ ಕಾರಣ. ಅವರ ಮೈಯಲ್ಲಿ ತಮ್ಮದೇ ಡಿಎನ್‌ಎ, ಆರ್‌ಎನ್‌ಎಗೆ ಪ್ರತಿಕಾಯ ಹುಟ್ಟಿರುತ್ತದೆ. ಆ ಗಂಟುಗಳು ಇದೇ ಕೋಶಗಳ ಎಫ್‌ಸಿ ಗ್ರಾಹಕದಿಂದ ಒಳಹೋಗಿ, ಇಲ್ಲದ ವೈರಸ್ಸಿನ ಮೇಲೆ ಎಡೆಬಿಡದೆ ಇಂಟರ್‌ಫೆರಾನ್ ಸುರಿಯುವಂತೆ ಮಾಡುತ್ತವೆ. ಇದನ್ನು ಬಿಡಿಸಿ ತೋರಿಸಿದವರಲ್ಲಿ ಸ್ವೀಡನ್ನಿನ ಉಪ್ಸಾಲದ ಲಾರ್ಸ್ ರೊನ್‌ಬ್ಲಮ್ ಅವರ ತಂಡ ಮುಂಚೂಣಿಯದು.

2003ರಲ್ಲಿ ಥಾಯ್ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನವನ್ನು ಇಲ್ಲಿ ನೆನೆಯಬೇಕು. ರಕ್ತದಲ್ಲಿ ಈ ಪ್ಲಾಸ್ಮಸೈಟಾಯ್ಡ್ ಕೋಶಗಳ ಪ್ರತಿಕ್ರಿಯೆ ಮಂಕಾಗಿದ್ದ ಮಕ್ಕಳಲ್ಲೇ ಡೆಂಗಿ ಹೆಚ್ಚು ಉಗ್ರವಾಗಿತ್ತು. ಹಾಗಾಗಿ, ಪ್ರತಿಕಾಯ ಇಂಟರ್‌ಫೆರಾನನ್ನು ಹೆಚ್ಚಿಸುತ್ತದೋ ತಗ್ಗಿಸುತ್ತದೋ ಎಂಬ ಪ್ರಶ್ನೆಯನ್ನು ನಾನು ಕೇಳಿದ ರೀತಿಯೇ ಒರಟು. ಒಂದೇ ಮೈಯಲ್ಲಿ, ಒಂದೇ ಗಂಟೆಯಲ್ಲಿ, ಒಂದೇ ಪ್ರತಿಕಾಯ ಎರಡನ್ನೂ ಮಾಡಬಲ್ಲದು. ಗೆಲುವು ಯಾವುದರದೆಂದು ತೀರ್ಮಾನಿಸುವುದು ಸೋಂಕು ಮೊದಲು ತಗುಲಿದ ಕೋಶ, ಪ್ರತಿಕಾಯದ ಸಾಂದ್ರತೆ, ಮೊದಲ ಕೆಲವು ಗಂಟೆಗಳು.

ಪ್ರತಿಕಾಯದ ಮೈಕಟ್ಟೂ ಇದರಲ್ಲಿ ಸೇರಿದೆ. ಅದರ ಬಾಲದ ಮೇಲೆ ಸಕ್ಕರೆಯ ಸಣ್ಣ ಸರಪಳಿಯೊಂದು ಇರುತ್ತದೆ. ಅದರಲ್ಲಿ ಫ್ಯೂಕೋಸ್ ಎಂಬ ಸಕ್ಕರೆ ಇಲ್ಲದಿದ್ದರೆ ಬಾಲ ಗಾಮಾ-3ಎ ಎಂಬ ಚುರುಕು ಗ್ರಾಹಕಕ್ಕೆ ಬಿಗಿಯಾಗಿ ಅಂಟುತ್ತದೆ. ಇಂಥ ಪ್ರತಿಕಾಯ ಹೆಚ್ಚಿದ್ದವರಲ್ಲಿ ಡೆಂಗಿ ಉಗ್ರವಾಗಿತ್ತು ಎಂದು ಟೈಯಾ ವಾಂಗ್ ಮತ್ತು ಜೆಫ್ರಿ ರಾವೆಚ್ ಮತ್ತಿತರರು 2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಮೂರು ವರ್ಷದ ನಂತರ ವಾಂಗ್ ಅವರ ತಂಡ ತಾಯಂದಿರ ಡೆಂಗಿ ಪ್ರತಿಕಾಯದ ಫ್ಯೂಕೋಸನ್ನು ಅಳೆದು, ಅದರಿಂದಲೇ ಯಾವ ಕೂಸಿಗೆ ಡೆಂಗಿಯ ಕಾಯಿಲೆಯ ಅಪಾಯ ಹೆಚ್ಚೆಂದು ಹೇಳಬಹುದೆಂದು ತೋರಿಸಿತು. ಹಾಲ್‌ಸ್ಟೆಡ್ ಅವರ ಕಾಲದಲ್ಲಿ ಪ್ರತಿಕಾಯ ಎಷ್ಟಿದೆ ಎಂಬುದಷ್ಟೇ ಅಳತೆಗೆ ಸಿಗುತ್ತಿತ್ತು, ಎಂಥದು ಎಂಬುದು ಸಿಗುತ್ತಿರಲಿಲ್ಲ.

ಈ ವಿಚಾರ ದೂರದ ಪ್ರಯೋಗಾಲಯಗಳ ಜಗಳವಾಗಿ ಉಳಿಯಲಾರದು. 2017-18ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ 15 ರಾಜ್ಯಗಳಲ್ಲಿ ರಕ್ತ ಪರೀಕ್ಷಿಸಿದಾಗ ಒಟ್ಟು ಶೇಕಡಾ 48.7 ಜನರಲ್ಲಿ ಡೆಂಗಿಯ ಪ್ರತಿಕಾಯ ಸಿಕ್ಕಿತು. ದಕ್ಷಿಣದ ರಾಜ್ಯಗಳಲ್ಲಿ ಅದು ಶೇಕಡಾ 76.9. ದಕ್ಷಿಣದಲ್ಲಿ ನಾಲ್ವರಲ್ಲಿ ಮೂವರ ಮೈಯಲ್ಲಿ ಈ ಪ್ರಶ್ನೆ ಈಗಾಗಲೇ ಇದೆ ಎಂದಾಯಿತು. ನಿಕರಾಗುವಾದ ಮನಾಗುವಾದಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಲಿಯಾ ಕಾಟ್ಜೆಲ್ನಿಕ್, ಇವಾ ಹ್ಯಾರಿಸ್ ಮತ್ತು ಸಂಗಡಿಗರು 2017ರಲ್ಲಿ ಒಂದು ಸಂಖ್ಯೆ ಕೊಟ್ಟಿದ್ದಾರೆ: ಪ್ರತಿಕಾಯದ ಮಟ್ಟ 21ರಲ್ಲಿ ಒಂದರಿಂದ 80ರಲ್ಲಿ ಒಂದು ಎಂಬ ನಡುಮಟ್ಟದಲ್ಲಿದ್ದವರಿಗೆ, ಪ್ರತಿಕಾಯವೇ ಇಲ್ಲದವರಿಗಿಂತ ರಕ್ತಸ್ರಾವದ ಡೆಂಗಿಯ ಅಪಾಯ 7.64 ಪಟ್ಟು. ಅದಕ್ಕಿಂತ ಸಾಕಷ್ಟು ಮೇಲಿದ್ದವರಿಗೆ ರಕ್ಷಣೆ. ಅದೇ ವರ್ಷದ ನವೆಂಬರ್ 29ರಂದು, ಫಿಲಿಪೀನ್ಸಿನಲ್ಲಿ 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗ್‌ವ್ಯಾಕ್ಸಿಯಾ ಲಸಿಕೆ ಕೊಟ್ಟಾದ ಮೇಲೆ, ಹಿಂದೆ ಡೆಂಗಿ ಬಾರದವರಿಗೆ ಈ ಲಸಿಕೆಯಿಂದ ಮುಂದಿನ ಸೋಂಕು ಉಗ್ರವಾಗಬಹುದು ಎಂದು ತಯಾರಕ ಕಂಪನಿಯೇ ಪ್ರಕಟಿಸಿತು. ಆ ಎಚ್ಚರಿಕೆಯನ್ನು ಹಾಲ್‌ಸ್ಟೆಡ್ ಮೊದಲೇ ಕೊಟ್ಟಿದ್ದರು.

ಲಸಿಕೆಯ ಪರೀಕ್ಷೆಗಳಲ್ಲಿ ಇಂದಿಗೂ ಮುಖ್ಯವಾಗಿ ಅಳೆಯುವುದು ಪ್ರತಿಕಾಯ ವೈರಸ್ಸನ್ನು ಎಷ್ಟು ತಡೆಯುತ್ತದೆ ಎಂಬುದನ್ನು. ಆ ಪರೀಕ್ಷೆಗೆ ಬಳಸುವ ವೆರೋ ಕೋಶ ಆಫ್ರಿಕಾದ ಮಂಗದ ಮೂತ್ರಪಿಂಡದ್ದು. ಅದರ ಮೈಮೇಲೆ ಎಫ್‌ಸಿ ಗ್ರಾಹಕವಿಲ್ಲ, ಇಂಟರ್‌ಫೆರಾನ್ ತಯಾರಿಸುವ ಶಕ್ತಿಯನ್ನೂ ಅದು ಕಳೆದುಕೊಂಡಿದೆ. ನಾನು ಇಷ್ಟು ಹೊತ್ತು ಹುಡುಕಿದ ಎರಡೂ ಸಂಗತಿಗಳು ಆ ತಟ್ಟೆಯಲ್ಲಿ ಕಾಣಿಸಿಕೊಳ್ಳುವುದು ಸಾಧ್ಯವೇ ಇಲ್ಲ. ಭಾರತದಲ್ಲಿ 2024ರಲ್ಲಿ ದೇಶೀ ಡೆಂಗಿ ಲಸಿಕೆಯ ಮೂರನೆಯ ಹಂತದ ಪರೀಕ್ಷೆ ಆರಂಭವಾಯಿತು. ಲಸಿಕೆ ಪಡೆದವರ ಸೀರಮ್ಮನ್ನು ಶೇಖರಿಸುವಾಗ ಅವರ ಬಿಳಿ ರಕ್ತಕಣಗಳನ್ನೂ ಒಂದಿಷ್ಟು ಹೆಪ್ಪುಗಟ್ಟಿಸಿ ಇಡಬೇಕು. ಅವರದೇ ಪ್ರತಿಕಾಯ, ಅವರದೇ ಮಾನೊಸೈಟು, ಅವರದೇ ಪ್ಲಾಸ್ಮಸೈಟಾಯ್ಡ್ ಕೋಶ ಒಟ್ಟಿಗಿಟ್ಟು, ತೆಳು ಮತ್ತು ದಟ್ಟ ಎರಡೂ ಪ್ರಮಾಣಗಳಲ್ಲಿ, ಮೊದಲ ಆರು ಗಂಟೆಯಲ್ಲಿ ಒಮ್ಮೆ, ಮಾರನೆಯ ದಿನ ಒಮ್ಮೆ ಇಂಟರ್‌ಫೆರಾನ್ ಅಳೆಯಬೇಕು. ಆಸ್ಪತ್ರೆಗೆ ಮಕ್ಕಳು ಬರುವುದು ಜ್ವರ ಹತ್ತಿದ ಮೂರನೆಯ, ನಾಲ್ಕನೆಯ ದಿನಕ್ಕೆ. ಆ ಹೊತ್ತಿಗೆ ಈ ಗಂಟೆಗಳು ಕಳೆದುಹೋಗಿರುತ್ತವೆ.